ಹೊಸ ಮಾಸ್ತರರಿಗೆ ಊರು ತೋರಿಸಿದ್ದು

ನಮ್ಮ ಶಾಲೆಗೆ ಈಚೆಗೆ ಇಬ್ಬರು ಹೊಸ ಶಿಕ್ಷಕರು ಬಂದರು. ಗಣಿತ ಕಲಿಸಲು ಬಂದವರು ಮಂಡ್ಯದ ಕಡೆಯ ಹೆಣ್ಣುಮಗಳು. ಇಂಗ್ಲಿಷ್ ಕಲಿಸಲು ಬಂದ ಯುವಕ ಶಿವಮೊಗ್ಗ ಜಿಲ್ಲೆಯವರು. ಬಂದು ಎಂಟು ದಿನವಾಗಿರಲಿಲ್ಲ, ಗಣಿತದ ಅಕ್ಕೋರು (ಶಿಕ್ಷಕಿಯರನ್ನು ನಮ್ಮ ಕಡೆ ಹೀಗೇ ಕರೆಯುವುದು) ಎಂಟನೆಯ ತರಗತಿಯ ಹುಡುಗನೊಬ್ಬನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಎರಡು ದಿನ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಅವನು "ನಮ್ಮವ್ವಗ ಆರಾಮಿಲ್ರಿ" ಎಂದಿದ್ದನಂತೆ. ಆಕೆ ಕೇಳಿ ಬೆಳೆದ ಮಾತಿನಲ್ಲಿ ಆರಾಮ ಎಂದರೆ ಬಿಡುವು, ವಿಶ್ರಾಂತಿ. ತಾಯಿಗೆ ಬಿಡುವಿಲ್ಲದಿದ್ದರೆ ನಿನಗೇನು ಬಂತು ಎಂದು ಗದರಿಸಿದ್ದರು. ನಮ್ಮ ಭಾಗದಲ್ಲಿ ಆರಾಮಿಲ್ಲ ಎಂದರೆ ಕಾಯಿಲೆ. ಹುಡುಗನ ತಾಯಿ ಜ್ವರ ಬಂದು ಮಲಗಿದ್ದಳು.

ವಿಷಯ ತಿಳಿದಾಗ ಆಕೆ ಬಹಳ ನೊಂದುಕೊಂಡರು. "ನನಗೆ ಯಾರೂ ಹೇಳಲಿಲ್ಲ ಸಾರ್" ಎಂದರು. ಆ ಮಾತು ನನ್ನನ್ನು ಚುಚ್ಚಿತು. ಯಾಕೆಂದರೆ ಸುಮಾರು ಮೂವತ್ತು ವರ್ಷಗಳ ಹಿಂದೆ ಅದೇ ಮಾತನ್ನು ನಾನೂ ಆಡಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಹೊಸದಾಗಿ ನೌಕರಿಗೆ ಸೇರಿದವರಿಗೆ ತರಬೇತಿ ಇಲ್ಲವೆಂದಲ್ಲ. ಸೇವಾ ನಿಯಮ, ರಜೆಯ ನಿಯಮ, ಪಾಠಯೋಜನೆ, ಮೌಲ್ಯಮಾಪನ ಎಲ್ಲವನ್ನೂ ಹೇಳಿಕೊಡುತ್ತಾರೆ. ಅವೆಲ್ಲ ಬೇಕಾದವೇ. ಆದರೆ ಆ ಪುಸ್ತಕ ಚಾಮರಾಜನಗರಕ್ಕೂ ಬೈಲಹೊಂಗಲಕ್ಕೂ ಒಂದೇ. ಇನ್ನು ಶಾಲೆಯಲ್ಲಿ ನಾವು ಮಾಡುವುದೇನು? ಹಾಜರಾದ ವರದಿ ಬರೆಸಿಕೊಳ್ಳುತ್ತೇವೆ, ಒಂದು ಹೂವಿನ ಹಾರ, ಒಂದು ಕಪ್ ಚಹಾ, ಕೈಗೆ ವೇಳಾಪಟ್ಟಿ. ಮರುದಿನದಿಂದ ಅವರ ಪಾಡು ಅವರಿಗೆ. ಓರಿಯೆಂಟೇಶನ್ ಎಂಬ ಇಂಗ್ಲಿಷ್ ಮಾತಿನ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಸೂರ್ಯ ಮೂಡುವ ದಿಕ್ಕು ಎಂದು ಅದರ ಅರ್ಥ. ಗುರುತಿಲ್ಲದ ಊರಿನಲ್ಲಿ ಇಳಿದವನಿಗೆ ಮೂಡಣ ಯಾವುದು ಎಂದು ತೋರಿಸಿದರೆ ಉಳಿದ ಮೂರು ದಿಕ್ಕನ್ನು ಅವನೇ ಕಂಡುಕೊಳ್ಳುತ್ತಾನೆ. ನಾವು ಹಾರ ಹಾಕುತ್ತೇವೆ, ಮೂಡಣ ತೋರಿಸುವುದಿಲ್ಲ.

ಮುಖ್ಯಾಧ್ಯಾಪಕರ ಜೊತೆ ಮಾತಾಡಿ ಒಂದು ಯೋಜನೆ ಮಾಡಿದೆ. ಶನಿವಾರ ಮುಂಜಾನೆಯ ಶಾಲೆ ಮುಗಿದ ಮೇಲೆ ಬೈಲಹೊಂಗಲ ಮತ್ತು ಕಿತ್ತೂರು, ರವಿವಾರ ಸವದತ್ತಿ ಮತ್ತು ರಾಮದುರ್ಗ. ನಾಲ್ಕು ತಾಲ್ಲೂಕು ಯಾಕೆ ಎಂದು ಅವರು ಕೇಳಿದರು. ನಮ್ಮ ಮಕ್ಕಳ ಅಜ್ಜಿ-ಮಾವಂದಿರ ಮನೆ, ಜಾತ್ರೆ, ಸಂತೆ, ಹೆತ್ತವರ ದುಡಿಮೆ ಈ ನಾಲ್ಕರಲ್ಲೇ ಹಂಚಿಹೋಗಿದೆ. ನಾಲ್ಕೂ ಬೆಳಗಾವಿ ಶೈಕ್ಷಣಿಕ ಜಿಲ್ಲೆಯವೇ ಆದ್ದರಿಂದ ನಾಳೆ ವರ್ಗಾವಣೆಯಾದರೂ ಇಲ್ಲೇ ಸುತ್ತಬೇಕು. ನವೆಂಬರ್ ತಿಂಗಳು, ಮಳೆ ಹಿಂದೆಗೆದಿತ್ತು. ಹೆಗಲಿಗೊಂದು ಚೀಲ, ನೀರಿನ ಬಾಟಲಿ, ಕೆಂಪು ಬಸ್ಸು. ಇಷ್ಟೇ ನಮ್ಮ ಸಿದ್ಧತೆ.

ಬೈಲಹೊಂಗಲದಲ್ಲಿ ಮೊದಲು ಕಿತ್ತೂರು ಚೆನ್ನಮ್ಮನ ಸಮಾಧಿಗೆ ಹೋದೆವು. ಸೆರೆಯಾಳಾಗಿ ಇಲ್ಲಿನ ಕೋಟೆಯಲ್ಲಿದ್ದ ರಾಣಿ 1829ರಲ್ಲಿ ಇಲ್ಲಿಯೇ ತೀರಿಕೊಂಡಳು. ಅಲ್ಲಿಂದ ಪೇಟೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು ಇದು. ಊರ ಹೊರಗಿನ ಹೊಲದ ಬದುವಿನಲ್ಲಿ ನಿಂತು ಒಂದು ಹಿಡಿ ಎರೆಮಣ್ಣು ಇಬ್ಬರ ಕೈಗೂ ಕೊಟ್ಟೆ. ವಿಜ್ಞಾನದ ಮಾಸ್ತರನ ಚಾಳಿ, ಕ್ಷಮಿಸಬೇಕು. ಬೇಸಿಗೆಯಲ್ಲಿ ಈ ಮಣ್ಣು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆ ಬಿದ್ದಾಗ ಬಿರುಕಿನಲ್ಲಿ ಗಟಗಟ ನೀರು ಕುಡಿಯುತ್ತದೆ. ಆಮೇಲೆ ಇದರಲ್ಲಿರುವ ಜೇಡಿ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಎಷ್ಟು ಸುರಿದರೂ ಹೆಚ್ಚಿನದು ಹರಿದು ಹಳ್ಳ ಸೇರುತ್ತದೆ. "ಹಾಗಾದರೆ ಎರಡು ದಿನದಲ್ಲಿ ನಾಲ್ಕು ತಾಲ್ಲೂಕು ಹೇಳಿದರೆ ನಮ್ಮ ಬಾಯಿಯೂ ಮುಚ್ಚಿಕೊಳ್ಳುತ್ತದಲ್ಲ ಸಾರ್?" ಎಂದು ಇಂಗ್ಲಿಷ್ ಮಾಸ್ತರು ನಕ್ಕರು. ನಿಜವೇ. ಅದಕ್ಕಾಗಿ ಈ ಎರಡು ದಿನ ಬರೀ ತೋರಿಸುವುದು, ಉಳಿದದ್ದನ್ನು ವರ್ಷಪೂರ್ತಿ ತಿಂಗಳಿಗೊಂದು ಸಂಜೆ ಮಾತಾಡುವುದು ಎಂದು ಅಲ್ಲೇ ತೀರ್ಮಾನಿಸಿದೆವು.

ಹೊಲದಲ್ಲಿ ಹೆಂಗಸರ ಜೊತೆ ಮೂರ್ನಾಲ್ಕು ಮಕ್ಕಳು ಹತ್ತಿ ಬಿಡಿಸುತ್ತಿದ್ದರು. ಒಬ್ಬ ಹುಡುಗ ನಮ್ಮವನೇ. ನನ್ನನ್ನು ಕಂಡವನೇ ತೊಗರಿಯ ಸಾಲಿನಲ್ಲಿ ಅಡಗಿದ. ಅಕ್ಕೋರು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಮಸಿಯಿಂದ ಬರೆದದ್ದು ನೆನಪಾಗಿ ಸುಮ್ಮನಾದರು. ಹತ್ತಿ ಬಿಡಿಸುವ ಕಾಲ, ಕಬ್ಬು ಕಡಿಯುವ ಕಾಲ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಇಡೀ ಮನೆ ಹೊಲಕ್ಕೆ ಹೋಗುವ ದಿನ, ಜೋಳದ ಸುಗ್ಗಿ... ಶಾಲೆಯ ಪಂಚಾಂಗದ ಕೆಳಗೆ ಊರಿನ ಈ ಪಂಚಾಂಗ ಇದೆ. ಹೊಸಬರ ಕೈಗೆ ವೇಳಾಪಟ್ಟಿಯ ಜೊತೆ ಇದನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಮಕ್ಕಳು ಶಾಲೆ ತಪ್ಪಿಸಲಿ ಎಂದಲ್ಲ; ಯಾವ ವಾರ ಯಾರ ಮನೆಗೆ ಮುಂಚಿತವಾಗಿ ಹೋಗಿ ಬರಬೇಕೆಂದು ತಿಳಿಯಲಿ ಎಂದು.

ಕಿತ್ತೂರಿನತ್ತ ಹೋಗುವ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದರೆ ನೆಲದ ಬಣ್ಣ ಬದಲಾಗುತ್ತದೆ. ಕರಿ ಎರೆ ಹಿಂದುಳಿದು ಮಸಾರಿ, ಕೆಂಪು ನೆಲ, ಕೊಯ್ಲಿಗೆ ಬಂದ ಭತ್ತ. ಸಹ್ಯಾದ್ರಿಯನ್ನು ಏರುವಾಗ ಮೋಡಗಳು ಹೆಚ್ಚಿನ ನೀರನ್ನು ಪಶ್ಚಿಮಕ್ಕೇ ಸುರಿದುಬಿಡುತ್ತವೆ. ಕಿತ್ತೂರಿಗೆ ಅದರ ಅಂಚಿನ ಪಾಲು ಸಿಗುತ್ತದೆ, ರಾಮದುರ್ಗಕ್ಕೆ ಉಳಿದದ್ದು. ಹಾಗಾಗಿ ಕಿತ್ತೂರಿನ ಕಡೆ ಮಕ್ಕಳು ಮಳೆಗಾಲದಲ್ಲಿ ತಪ್ಪಿಸಿಕೊಂಡರೆ ಹಳ್ಳ ಬಂದಿರಬಹುದು. ಪೂರ್ವದ ಒಣ ಊರುಗಳಲ್ಲಿ ಮಳೆ ಬಾರದಿದ್ದಾಗ ಇಡೀ ಸಂಸಾರವೇ ದುಡಿಮೆಗೆ ಗೋವಾ ಕಡೆ ಹೋಗಿರಬಹುದು. ಎರಡಕ್ಕೂ ಹಾಜರಿ ಪುಸ್ತಕದಲ್ಲಿ ಹಾಕುವ ಗುರುತು ಒಂದೇ.

ಹಿಂದೆ ಬೈಲಹೊಂಗಲ ತಾಲ್ಲೂಕಿನೊಳಗಿದ್ದ ಕಿತ್ತೂರು ಈಗ ತಾನೇ ಒಂದು ತಾಲ್ಲೂಕು. ಕೋಟೆಯ ಕಥೆ ನಿಮಗೆಲ್ಲ ಗೊತ್ತು. 1824ರಲ್ಲಿ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತಕವನ್ನು ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಕಾವಲು ಹಾಕಿದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯಿರಿ, ಇಲ್ಲದಿದ್ದರೆ ತೋಪಿನಿಂದ ಒಡೆಯುತ್ತೇನೆ ಎಂದು ನಿಂತ. ಬಾಗಿಲು ತೆರೆಯಿತು, ಒಳಗಿನಿಂದ ಕಿತ್ತೂರಿನ ಸೈನ್ಯ ನುಗ್ಗಿತು, ಥ್ಯಾಕರೆ ಅಲ್ಲಿಯೇ ಸತ್ತ. ಪಾಠಪುಸ್ತಕ ಇಲ್ಲಿಗೆ ಮುಂದಕ್ಕೆ ಓಡುತ್ತದೆ. ನಾನು ಹೊಸಬರಿಗೆ ಹೇಳಿದ್ದು ಅವನ ಇಬ್ಬರು ಸಹಾಯಕರ ಕಥೆ. ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬಿಬ್ಬರು ಅಂದು ಸೆರೆ ಸಿಕ್ಕರು. ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ, ನೌಕರಿಗೆ ಹೊಸಬ. ಕಂಪನಿ ತನ್ನ ಎಳೆಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲೆಂದು ಮದರಾಸಿನಲ್ಲಿ 1812ರಲ್ಲೇ ಕಾಲೇಜು ತೆರೆದಿತ್ತು, ಅಂದರೆ ಆ ಕಾಲದ ಬುನಾದಿ ತರಬೇತಿ. ಆದರೆ ಕಿತ್ತೂರಿನ ಜನ ತಮ್ಮ ಸಂಸ್ಥಾನಕ್ಕಾಗಿ ಪ್ರಾಣ ಕೊಡುತ್ತಾರೆಂಬುದು ಆ ಕಾಲೇಜಿನ ಪಾಠದಲ್ಲಿರಲಿಲ್ಲ. ಸೆರೆಯಾಳುಗಳಿಗೆ ರಾಣಿ ಕೇಡು ಮಾಡಲಿಲ್ಲ; ಸುಮಾರು ಆರು ವಾರದ ನಂತರ ಬಿಡುಗಡೆಯಾದರು. ಡಿಸೆಂಬರ್‌ನಲ್ಲಿ ಕಂಪನಿ ಕೋಟೆಯನ್ನು ಗೆದ್ದುಕೊಂಡಿತು.

ಆದರೆ ಎಲಿಯಟ್ ಈ ನಾಡು ಬಿಟ್ಟು ಓಡಲಿಲ್ಲ. 1833ರವರೆಗೆ ಈ ಸೀಮೆಯಲ್ಲೇ ಇದ್ದು ಗುಡಿಗುಡಿ, ಊರೂರು ತಿರುಗಿ ಸುಮಾರು ಆರುನೂರು ಶಾಸನಗಳ ಪ್ರತಿ ಮಾಡಿಸಿದ. ಕರ್ನಾಟಕದ ಚಾಲುಕ್ಯರ ಇತಿಹಾಸ ಬರೆದವರಿಗೆಲ್ಲ ಆ ಸಂಗ್ರಹ ಮೊದಲ ಆಧಾರಗಳಲ್ಲೊಂದಾಯಿತು. ಸೆರೆಗೂ ಶಾಸನಕ್ಕೂ ಗಂಟು ಹಾಕುವುದು ಬೇಡ. ಅವನು ನಮ್ಮನ್ನು ಆಳಲು ಬಂದವನು ಎಂಬುದನ್ನೂ ಮರೆಯುವುದು ಬೇಡ. ಆದರೂ ಊರಿನ ಕಲ್ಲನ್ನು ಓದಲು ನಿಂತ ಒಬ್ಬ ಹೊಸ ನೌಕರನ ಹೆಸರು ಇನ್ನೂರು ವರ್ಷದ ಮೇಲೂ ನಾವು ಹೇಳುತ್ತಿದ್ದೇವಲ್ಲ!

ಪಾಳುಬಿದ್ದ ಅರಮನೆಯ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲು ಬಿಟ್ಟಿರುವ ದುಂಡನೆಯ ಕಿಂಡಿಯನ್ನು ತೋರಿಸಿದೆ. ಕೋಟೆ ಮುಚ್ಚುವ ಹೊತ್ತಾದ್ದರಿಂದ ಹೊರಗೆ ಬಂದು, ದೀಪವಿಲ್ಲದ ಒಂದು ಬಯಲಿನಲ್ಲಿ ಕತ್ತಲಾಗುವ ತನಕ ಶೇಂಗಾ ತಿನ್ನುತ್ತ ಕುಳಿತೆವು. ಸಪ್ತರ್ಷಿ ಮಂಡಲ ಆ ತಿಂಗಳ ಸಂಜೆ ದಿಗಂತದ ಕೆಳಗಿರುತ್ತದೆ, ಕ್ಯಾಸಿಯೋಪಿಯ ಹಿಡಿದು ಹುಡುಕಬೇಕು. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಮಂಕಾಗಿ ಧ್ರುವ ಕಂಡಿತು. ಧ್ರುವದ ಎತ್ತರ ಎಷ್ಟೋ ನೋಡುವವನ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಕಿತ್ತೂರಿನದು ಹದಿನೈದೂವರೆ ಡಿಗ್ರಿಯ ಸುಮಾರು. ಮಂಡ್ಯದಲ್ಲಿ ನೋಡಿದರೆ ಅದೇ ಧ್ರುವ ಮೂರು ಡಿಗ್ರಿ ಕೆಳಗಿರುತ್ತದೆ. "ನಮ್ಮೂರಿಗಿಂತ ಇಲ್ಲಿ ಎತ್ತರ" ಎಂದು ಅಕ್ಕೋರು ಎರಡು ಬೆರಳು ಹಿಡಿದು ಅಳೆದು ನೋಡಿದರು. ಆ ಎಂಟು ದಿನಗಳಲ್ಲಿ ಅವರು ನಕ್ಕದ್ದು ಅದೇ ಮೊದಲು.

ರವಿವಾರ ಬೆಳಿಗ್ಗೆ ಸವದತ್ತಿ. ಹಳೆಯ ಹೆಸರು ಸುಗಂಧವರ್ತಿ, ರಟ್ಟರ ರಾಜಧಾನಿ. ಇದೇ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಅದರಿಂದ ಓದಿದವರು ಈ ಭಾಗದಲ್ಲಿ ಊರೂರಿಗೆ ಸಿಗುತ್ತಾರೆ. ನವಿಲುತೀರ್ಥದಲ್ಲಿ ಗುಡ್ಡ ಸೀಳಿ ಬರುವ ಮಲಪ್ರಭೆಗೆ ಅಡ್ಡಲಾಗಿ ಅಣೆಕಟ್ಟು. ಹುಬ್ಬಳ್ಳಿ-ಧಾರವಾಡದವರು ಕುಡಿಯುವುದು ಈ ರೇಣುಕಾಸಾಗರದ ನೀರು. ಇದರಡಿ ಮುಳುಗಿದ ಊರುಗಳ ಮೊಮ್ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. 'ನಿಮ್ಮ ಮೂಲ ಊರು ಯಾವುದು' ಎಂಬ ಪ್ರಬಂಧ ಬರೆಸಿದರೆ ಅವರು ನೀರನ್ನು ತೋರಿಸುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಯಲ್ಲಮ್ಮನ ಗುಡ್ಡ ಹತ್ತಿದೆವು. ಹುಣ್ಣಿಮೆಯಲ್ಲದ ದಿನವಾದರೂ 'ಉಧೋ ಉಧೋ' ಕೂಗು, ಭಂಡಾರದ ಧೂಳು, ಜೋಗುಳಬಾವಿಯ ಕಡೆಯಿಂದ ಒದ್ದೆ ಬಟ್ಟೆಯಲ್ಲಿ ಬರುವ ಹೆಂಗಸರು. ದರ್ಶನ ಮುಗಿಸಿ ಒಂದು ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ, ಹೇಳಲೇಬೇಕೆಂದು ಮನಸ್ಸು ಮಾಡಿ ಬಂದಿದ್ದನ್ನು ಹೇಳಿದೆ.

ನಾನು ನೌಕರಿಗೆ ಸೇರಿದ ಮೊದಲ ಶಾಲೆ ಈ ತಾಲ್ಲೂಕಿನದು. ಹೆಸರು ಬೇಡ. ಸೇರಿದ ವಾರವೇ ಒಂದು ನೋಂದಣಿ ಪುಸ್ತಕ ತುಂಬಲು ಕೊಟ್ಟರು. ಬಿಎಸ್ಸಿ ಬಿಎಡ್ ಮುಗಿಸಿದ ಹುರುಪು. ತರಗತಿಯಲ್ಲೇ ಒಬ್ಬೊಬ್ಬರನ್ನು ನಿಲ್ಲಿಸಿ ಕೇಳುತ್ತ ಬರೆದುಕೊಂಡೆ. ಆರನೆಯ ಸಾಲಿನ ಒಬ್ಬ ಹುಡುಗಿಗೆ ತಂದೆಯ ಹೆಸರೇನು ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಕೇಳಿಸಲಿಲ್ಲವೇನೋ ಎಂದು ಎರಡನೆಯ ಸಲ ಜೋರಾಗಿ ಕೇಳಿದೆ. ಮೂರನೆಯ ಸಲ "ಅಪ್ಪನ ಹೆಸರು ಗೊತ್ತಿಲ್ಲದ ಮಕ್ಕಳು ಇರ್ತಾರೇನು?" ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮರುದಿನದಿಂದ ಹುಡುಗಿ ಬರಲಿಲ್ಲ.

ನಾಲ್ಕನೆಯ ದಿನ ಶಾಲೆಯ ಸಿಪಾಯಿ, ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು, ಸಂಜೆ ಬೀಗ ಹಾಕುವಾಗ ನನ್ನನ್ನು ಬದಿಗೆ ಕರೆದು ಹೇಳಿದರು: "ಸರ, ಆ ಹುಡುಗಿಗೆ ಅಪ್ಪನ ಹೆಸರ ಕೇಳಬಾರದಿತ್ರಿ. ಆಕಿ ಅವ್ವ ದೇವರಿಗೆ ಬಿಟ್ಟಾಕಿ." ನನಗೆ ಕಾಲ ಕೆಳಗಿನ ನೆಲ ಹೋದಂತಾಯಿತು. "ಮೊದಲ ಯಾಕ ಹೇಳಲಿಲ್ಲ ಮಾಮಾ? ನನಗ ಯಾರೂ ಹೇಳಲಿಲ್ಲ" ಎಂದೆ. "ನೀವು ಕೇಳಲಿಲ್ರಿ" ಎಂದರು.

ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1982ರಲ್ಲೇ ಆಯಿತು. ಕಾಯ್ದೆಗೆ ಮುಂಚೆಯೂ, ಕದ್ದುಮುಚ್ಚಿ ಆಮೇಲೂ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು, ಅವರ ಮಕ್ಕಳು ಕಾಯ್ದೆಯ ದಿನವೇ ಮಾಯವಾಗುವುದಿಲ್ಲ. ನಾನು ಅದನ್ನು ಪತ್ರಿಕೆಯಲ್ಲಿ ಓದಿದ್ದೆ. ನನ್ನ ತರಗತಿಯ ಆರನೆಯ ಸಾಲಿನಲ್ಲಿ ಅದು ಕುಳಿತಿರುತ್ತದೆ ಎಂದು ಹೊಳೆದಿರಲಿಲ್ಲ. ಸಿಪಾಯಿಯನ್ನೇ ಕರೆದುಕೊಂಡು ಆ ಮನೆಗೆ ಹೋದೆ. ತಾಯಿ ಚಾಪೆ ಹಾಸಿ ಚಹಾ ಕೊಟ್ಟಳು, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹುಡುಗಿ ಮುಂದಿನ ವಾರ ಬಂದಳು, ಹತ್ತನೆಯ ತರಗತಿಯನ್ನೂ ಮುಗಿಸಿದಳು. ಆದರೆ ಆ ಮೂರು ವರ್ಷದಲ್ಲಿ ನನ್ನ ತಾಸಿನಲ್ಲಿ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹೊಸಬರಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ನಾನು ಹೇಳಬೇಕಾದದ್ದು ಮೂರೇ ಮಾತು. ತರಗತಿಯ ಮುಂದೆ ಯಾವ ಮಗುವಿನ ಮನೆಯ ವಿವರವನ್ನೂ ಕೇಳಬೇಡಿ. ಹಳೆಯ ದಾಖಲೆ ನೋಡಿ, ಇಲ್ಲವೇ ತಾಯಿಯನ್ನು ಕೂರಿಸಿಕೊಂಡು ಕೇಳಿ. ಊರಿನ ವಿಷಯ ಸುತ್ತೋಲೆಯಲ್ಲಿ ಬರುವುದಿಲ್ಲ. ಸಿಪಾಯಿಯನ್ನು, ಬಿಸಿಯೂಟದ ಅಡುಗೆಯವರನ್ನು, ಬಸ್ಸಿನ ಕಂಡಕ್ಟರನ್ನು ಕೇಳಿ. ಯಾವ ಮಗು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತದೆ ಎಂದು ಅಡುಗೆಯವರಿಗೆ ಗೊತ್ತು, ಹೆಡ್‌ಮಾಸ್ತರರಿಗೆ ಗೊತ್ತಿಲ್ಲ. ಇನ್ನು ಮೂರನೆಯದು ನಮ್ಮಂಥ ಹಳಬರಿಗೆ: ಅವರು ಕೇಳುವ ತನಕ ಕಾಯಬಾರದು.

ಪಾಲಕರಿಗೂ ಇಲ್ಲೊಂದು ಮಾತು. ನಮ್ಮ ಊರಿನಲ್ಲಿ ಮಾಸ್ತರರು ನಿಲ್ಲುವುದಿಲ್ಲ ಎಂದು ನೀವು ದೂರುತ್ತೀರಿ. ಹೊಸ ಶಿಕ್ಷಕರು ಬಾಡಿಗೆಗೆ ಖೋಲಿ ಕೇಳಲು ಬಂದಾಗ ನಾವು ಮೊದಲು ಕೇಳುವುದು "ನೀವು ಯಾರ ಪೈಕಿರಿ?" ಎಂದು. ಇಂಗ್ಲಿಷ್ ಮಾಸ್ತರರಿಗೆ ಈ ಪ್ರಶ್ನೆ ಐದು ಮನೆಗಳಲ್ಲಿ ಎದುರಾಯಿತು, ಆರನೆಯ ಮನೆಯಲ್ಲಿ ಒಬ್ಬ ಮುದುಕಿ "ಊಟ ಎಲ್ಲಿ ಮಾಡ್ತೀಯೋ ತಮ್ಮಾ?" ಎಂದು ಕೇಳಿದಳಂತೆ. ಅವರು ಅಲ್ಲೇ ಇದ್ದಾರೆ. ವಿದ್ಯಾರ್ಥಿ ಮಿತ್ರರೇ, ನೀವೂ ನಾಳೆ ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋಗಿ ಇಂಥದೇ ಬಾಗಿಲ ಮುಂದೆ ನಿಲ್ಲುವವರು. ನಿಮ್ಮ ಹೊಸ ಶಿಕ್ಷಕರ ಮಾತಿನ ಧಾಟಿಗೆ ನಗುವ ಮುಂಚೆ ಅದು ನೆನಪಿರಲಿ.

ರಾಮದುರ್ಗ ತಲುಪಿದಾಗ ಮೂರು ಗಂಟೆ ದಾಟಿತ್ತು. ಭಾವೆ ಮನೆತನದ ಪುಟ್ಟ ಸಂಸ್ಥಾನವಾಗಿದ್ದ ಊರು. 1939ರಲ್ಲಿ ಪ್ರಜೆಗಳು ದಂಗೆಯೆದ್ದು ಹೆಸರಾದದ್ದು. ನಾವು ಹೋದದ್ದು ನೇಕಾರರ ಓಣಿಗೆ. ಒಂದು ಮನೆಯಲ್ಲಿ ಮಗ್ಗ ನಡೆದಿತ್ತು. ಪಕ್ಕದಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗ ರಾಟಿ ತಿರುವಿ ಕಂಡಿಕೆ ಸುತ್ತುತ್ತಿದ್ದ. "ಗುರುಗಳ, ಹೊಸಾ ಮಾಸ್ತರ್ರೇನ್ರಿ?" ಎಂದು ತಂದೆ ಕೇಳಿ, ಮಗ್ಗ ನಿಲ್ಲಿಸಿ ಎದ್ದುಬಂದರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಈ ಭಾಗದ ಎಷ್ಟೋ ನೇಕಾರರ ಮಗ್ಗಗಳು ನೀರಿನಲ್ಲಿ ನಿಂತಿದ್ದವು. ಮಕ್ಕಳ ಪುಸ್ತಕ, ಚೀಲ ಹೋದವು. ಬೆಳಿಗ್ಗೆ ನವಿಲುತೀರ್ಥದಲ್ಲಿ ನೋಡಿದ ಆ ಶಾಂತವಾದ ನೀರು ಇದೇ ಎಂದು ಹೇಳಿದಾಗ ಇಬ್ಬರೂ ಮಗ್ಗದ ಕುಣಿಯನ್ನು ಬಗ್ಗಿ ನೋಡಿದರು.

ಅಕ್ಕೋರು ಹುಡುಗನ ಪಕ್ಕ ಕುಳಿತು ಕೇಳಿದರು: "ದೊಡ್ಡ ಚಕ್ರ ಒಂದು ಸುತ್ತು ಹಾಕಿದರೆ ಕದಿರು ಎಷ್ಟು ಸುತ್ತು ತಿರುಗುತ್ತೆ?" "ಎಣಿಸಿಲ್ರಿ. ಭಾಳ" ಎಂದ. ಆಕೆ ಒಂದು ನೂಲನ್ನು ಚಕ್ರಕ್ಕೆ ಸರಿಯಾಗಿ ಒಂದು ಸುತ್ತು ಸುತ್ತಿ ಕತ್ತರಿಸಿ, ಅದೇ ನೂಲನ್ನು ಕದಿರಿಗೆ ಸುತ್ತಿಸಿದರು. ಹುಡುಗ ಎಣಿಸುತ್ತ ಹೋದ. ಮೂವತ್ತೆಂಟು. ಅವನ ತಂದೆಯೂ ಬಾಯಿ ತೆರೆದು ನೋಡುತ್ತಿದ್ದರು. ಹುಟ್ಟಿದಾಗಿನಿಂದ ರಾಟಿಯ ಸಪ್ಪಳದಲ್ಲಿ ಬೆಳೆದವರಿಗೆ ಅದರ ಲೆಕ್ಕ ಹೊಸದು. ಅನುಪಾತದ ಪಾಠಕ್ಕೆ ಇನ್ನು ಮುಂದೆ ನಮ್ಮ ಶಾಲೆಗೆ ಒಂದು ರಾಟಿ ಬೇಕೆಂದು ಆಕೆ ಹೇಳಿದರು. ಹಳೆಯದೊಂದು ಕೊಡುತ್ತೇನೆಂದು ಅವರು ಒಪ್ಪಿಕೊಂಡರು.

ತಿರುಗಿ ಬರುವ ಬಸ್ಸು ತಡವಾಯಿತು. ನಿಲ್ದಾಣದ ಕಲ್ಲಿನ ಮೇಲೆ ಕುಳಿತು ಇಂಗ್ಲಿಷ್ ಮಾಸ್ತರು ತಮ್ಮ ನೋಟ್‌ಬುಕ್ ತೆಗೆದರು. ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳನ್ನು ಇನ್ನೊಮ್ಮೆ ಹೇಳಿ ಎಂದರು. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭರತ ಹುಣ್ಣಿಮೆ, ದವನದ ಹುಣ್ಣಿಮೆ, ಹೇಳಿದೆ. ಆ ದಿನಗಳಲ್ಲಿ ಬಸ್ಸುಗಳೆಲ್ಲ ಗುಡ್ಡದ ಕಡೆ ತಿರುಗುತ್ತವೆ, ಹಳ್ಳಿಯಿಂದ ಬರುವ ಮಕ್ಕಳಿಗೆ ಬಸ್ಸಿಲ್ಲ ಎಂದೂ ಹೇಳಿದೆ. ಅವರು ಮೊಬೈಲ್‌ನಲ್ಲಿ ಪಂಚಾಂಗ ನೋಡಿ ತಾರೀಖು ಬರೆದುಕೊಳ್ಳುತ್ತಿದ್ದವರು ತಟ್ಟನೆ ನಿಲ್ಲಿಸಿ, "ಸಾರ್, ಭರತ ಹುಣ್ಣಿಮೆಯ ದಿನವೇ ನಮ್ಮ ಹತ್ತನೆಯ ತರಗತಿಯ ಕಿರುಪರೀಕ್ಷೆ ಇಟ್ಟಿದ್ದೀರಲ್ಲ?" ಎಂದರು.

ಆ ವೇಳಾಪಟ್ಟಿ ಬರೆದವನು ನಾನೇ. ಸೋಮವಾರ ಬೆಳಿಗ್ಗೆ ಮುಖ್ಯಾಧ್ಯಾಪಕರ ಮುಂದೆ ಮೂವರೂ ನಿಂತು ಪರೀಕ್ಷೆಯನ್ನು ನಾಲ್ಕು ದಿನ ಮುಂದಕ್ಕೆ ಹಾಕಿಸಿದೆವು.